ಮೂರನೆಯ ಘಟ್ಟದಿಂದ ಹಿಂದಿರುಗಿದವನು

“ಗುರುಗಳೇ, ನಾಲ್ಕು ಜನರನ್ನು ನಡೆಸಿಕೊಂಡು ಹೋಗುವವನು ತನ್ನ ಹೆಸರನ್ನು ಕಾಪಾಡಿಕೊಳ್ಳಬೇಡವೇ? ಹೆಸರು ಹೋದ ಮೇಲೆ ಅವನ ಹಿಂದೆ ಯಾರು ಬರುತ್ತಾರೆ?”

ಪ್ರಶ್ನೆ ಕೇಳಿದವನು ರಾಚಯ್ಯ ಎಂಬ ಶಿಷ್ಯ. ಆ ವರ್ಷ ಮಠದ ನಲವತ್ತು ಭಕ್ತರನ್ನು ಪಾದಯಾತ್ರೆಯಲ್ಲಿ ಶ್ರೀಶೈಲಕ್ಕೆ ಕರೆದೊಯ್ಯುವ ಹೊಣೆ ಅವನದಾಗಿತ್ತು. ಯಾತ್ರೆ ಎರಡು ದಿನ ತಡವಾಗಿ ಮುಟ್ಟಿತು. ಜನ ಅವನನ್ನು ಆಡಿಕೊಂಡರು. ಆಗ ಅವನು, ಅಡುಗೆಯ ಬಸಮ್ಮನ ಕಾಲು ಊದಿದ್ದರಿಂದ ತಡವಾಯಿತು ಎಂದು ಎಲ್ಲರೆದುರು ಹೇಳಿದ. ಹೇಳಿದ್ದು ಸುಳ್ಳಲ್ಲ. ಬಸಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದು ಹೋದಳು. ಅಂದಿನಿಂದ ರಾಚಯ್ಯನ ಮನಸ್ಸಿಗೆ ಸಮಾಧಾನವಿರಲಿಲ್ಲ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಉತ್ತರದ ಹಿಮದ ಬೆಟ್ಟಗಳಲ್ಲಿ, ಮೂರು ಘಟ್ಟಗಳ ಆಚೆ, ಒಂದು ಸರೋವರವಿದೆ. ಅದನ್ನು ನೋಡಲು ಎಂಟು ದಿನ ನಡೆಯಬೇಕು. ದಾರಿಯಲ್ಲಿ ಸಿಗುವುದು ಐದೇ ಹಳ್ಳಿಗಳು. ಒಂದೊಂದು ಹಳ್ಳಿಯೂ ಹಿಂದಿನದಕ್ಕಿಂತ ಎತ್ತರದಲ್ಲಿದೆ, ಹಿಂದಿನದಕ್ಕಿಂತ ಚಿಕ್ಕದಾಗಿದೆ. ಕೊನೆಯ ಹಳ್ಳಿಯಲ್ಲಿ ಒಂಬತ್ತು ಮನೆಗಳಿವೆ. ಅಲ್ಲಿಂದ ಮೇಲೆ ಮರವಿಲ್ಲ, ಕಲ್ಲು ಮತ್ತು ಗಾಳಿ ಮಾತ್ರ.

ಆ ದಾರಿಯಲ್ಲಿ ಹೊರಗಿನವರು ತಾವಾಗಿಯೇ ನಡೆಯುವಂತಿಲ್ಲ. ಎಲ್ಲಕ್ಕಿಂತ ಕೆಳಗಿನ ಹಳ್ಳಿಯ ಮಾರ್ಗದರ್ಶಿಗಳು ಅವರನ್ನು ಕರೆದೊಯ್ಯುತ್ತಾರೆ. ಅವರಲ್ಲಿ ಒಬ್ಬನ ಕೈಗೆ ಊರಿನ ಹಿರಿಯರು ಒಂದು ಕೋಲು ಕೊಡುತ್ತಾರೆ. ಅದಕ್ಕೆ ಮುಂದಿನ ಕೋಲು ಎಂದು ಹೆಸರು. ಅದನ್ನು ಹಿಡಿದವನೇ ಎಲ್ಲ ಮಾರ್ಗದರ್ಶಿಗಳಿಗೂ ಹಿರಿಯ. ಹಿಮ ಕರಗಿದ ಮೇಲೆ ಮೊದಲ ಗುಂಪನ್ನು ಅವನೇ ಕರೆದೊಯ್ಯಬೇಕು. ಘಟ್ಟದ ನೆತ್ತಿ ಕಣ್ಣಿಗೆ ಬಿದ್ದ ಮೇಲೆ ತನ್ನ ಮೈಯಲ್ಲಿ ಆಗದೆ ಹಿಂದೆ ತಿರುಗಿದವನ ಕೈಯಲ್ಲಿ ಆ ಕೋಲು ಉಳಿಯುವುದಿಲ್ಲ. ಇದು ಅವರ ಕಟ್ಟಳೆ.

ಒಬ್ಬ ಮಾರ್ಗದರ್ಶಿ ಆ ಕೋಲನ್ನು ಇಪ್ಪತ್ತಾರು ವರ್ಷ ಹಿಡಿದಿದ್ದ. ಅವನ ಹಿಂದೆ ಹೋದವರು ಒಬ್ಬರೂ ಸರೋವರ ನೋಡದೆ ಬಂದಿರಲಿಲ್ಲ. ಐದು ಹಳ್ಳಿಗಳಲ್ಲಿಯೂ ಅವನನ್ನು ಕಂಡರೆ ಜನ ಎದ್ದು ನಿಲ್ಲುತ್ತಿದ್ದರು.

ಒಂದು ಬೇಸಿಗೆಯಲ್ಲಿ ನಮ್ಮ ಕಡೆಯಿಂದ ಆರು ಜನ ಅವನ ಬಳಿಗೆ ಹೋದರು. ಅವರನ್ನು ಒಟ್ಟುಗೂಡಿಸಿದವನು ಅಡಿವೆಪ್ಪ ಎಂಬ ಹತ್ತಿಯ ವ್ಯಾಪಾರಿ. ವ್ಯಾಪಾರಕ್ಕಾಗಿ ಹಿಂದಿ ಕಲಿತಿದ್ದ ಅವನೇ ಎಲ್ಲರ ಪರವಾಗಿ ಮಾತನಾಡುತ್ತಿದ್ದ. ಅವನ ಹೆಂಡತಿ ಆ ಸರೋವರವನ್ನು ನೋಡಬೇಕು ಎಂದು ಇಪ್ಪತ್ತು ವರ್ಷ ಹೇಳಿದ್ದಳು. ಅವನು ಇಪ್ಪತ್ತು ವರ್ಷವೂ, ಹತ್ತಿಯ ಕಾಲ ಮುಗಿಯಲಿ, ಬರುವ ವರ್ಷ ಹೋಗೋಣ ಎಂದಿದ್ದ. ಆಕೆ ತೀರಿಕೊಂಡಳು. ಈಗ ಆಕೆಯ ಹಸಿರು ಬಳೆಗಳನ್ನು ಒಂದು ವಸ್ತ್ರದಲ್ಲಿ ಕಟ್ಟಿ, ಎದೆಯ ಹತ್ತಿರ ಇಟ್ಟುಕೊಂಡು ಹೊರಟಿದ್ದ. ಅವುಗಳನ್ನು ಸರೋವರದ ನೀರಿಗೆ ಬಿಟ್ಟ ಹೊರತು ಊರಿಗೆ ಮರಳುವುದಿಲ್ಲ ಎಂದು ಆಣೆ ಮಾಡಿದ್ದ.

ಗುಂಪಿನಲ್ಲಿ ನಿಂಬೆವ್ವ ಎಂಬ ಸೂಲಗಿತ್ತಿಯೂ ಇದ್ದಳು. ವಯಸ್ಸು ಅರವತ್ತು ದಾಟಿತ್ತು. ಅವಳಿಗೆ ಹಿಂದಿ ಬರುತ್ತಿರಲಿಲ್ಲ.

ಮಾರ್ಗದರ್ಶಿಯ ನಡಿಗೆಯ ಕ್ರಮ ಬೇರೆಯೇ ಆಗಿತ್ತು. ಬೆಳಿಗ್ಗೆ ಹೊರಡುವ ಮೊದಲು ಒಬ್ಬೊಬ್ಬರ ಮುಖವನ್ನೂ ನೋಡಿ ಎರಡೇ ಮಾತು ಕೇಳುತ್ತಿದ್ದ: ಅನ್ನ ಸೇರಿತೇ, ನಿದ್ದೆ ಬಂತೇ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಎಲ್ಲರಿಗಿಂತ ಮುಂದೆ ಬಿಡುತ್ತಿದ್ದ. ಹಾಗಾಗಿ ಮೊದಲ ದಿನದಿಂದಲೂ ನಿಂಬೆವ್ವ ಮುಂದೆ, ಮಿಕ್ಕವರು ಅವಳ ಹಿಂದೆ. ತಾನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಇರುತ್ತಿದ್ದ. ಅವನು ಏದುಸಿರು ಬಿಟ್ಟದ್ದನ್ನು ಯಾರೂ ನೋಡಲಿಲ್ಲ. ಹಳ್ಳಿ ಬಂದರೆ ಪರಿಚಯದವರ ಮನೆಯ ಒಲೆಯ ಮುಂದೆ ಎಲ್ಲರನ್ನೂ ಕೂರಿಸಿ, ಬೆಣ್ಣೆ ಮತ್ತು ಉಪ್ಪು ಹಾಕಿದ ಚಹಾ ಕುಡಿಸುತ್ತಿದ್ದ. ರುಚಿ ಹತ್ತದಿದ್ದವರಿಗೂ ಬಿಡುತ್ತಿರಲಿಲ್ಲ.

ಮೊದಲ ಘಟ್ಟವನ್ನು ಹೀಗೆ ದಾಟಿದರು. ಎರಡನೆಯ ಘಟ್ಟದಲ್ಲಿ ಅಡಿವೆಪ್ಪನಿಗೆ ತಾಳ್ಮೆ ಉಳಿಯಲಿಲ್ಲ. ಮುದುಕಿಯ ಹೆಜ್ಜೆಗೆ ಹೆಜ್ಜೆ ಹಾಕಲು ಅವನಿಗೆ ನಾಚಿಕೆಯಾಯಿತು. ಎಲ್ಲರನ್ನೂ ಹಿಂದೆ ಹಾಕಿ, ಒಬ್ಬನೇ ದಡದಡನೆ ಹತ್ತಿದ. ಮಿಕ್ಕವರು ನೆತ್ತಿಗೆ ಬರುವಷ್ಟರಲ್ಲಿ ಅವನು ಅಲ್ಲಿ ಕುಳಿತು ಒಂದು ತಾಸಾಗಿತ್ತು. ಅಂದಿನಿಂದ ಅವನ ತಲೆ ನೋಯತೊಡಗಿತು. ಕೊನೆಯ ಹಳ್ಳಿಗೆ ಬಂದಾಗ ಊಟ ಸೇರಲಿಲ್ಲ. ಮಾರ್ಗದರ್ಶಿ ಕೇಳಿದಾಗ, ಸೇರಿತು, ನಿದ್ದೆಯೂ ಬಂತು ಎಂದ.

ಮಾರ್ಗದರ್ಶಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ಯಜಮಾನರೇ, ಇಲ್ಲಿ ಒಂದು ದಿನ ಇದ್ದು ಹೋಗೋಣ” ಎಂದ.

“ಯಾರಿಗಾಗಿ?” ಎಂದು ಅಡಿವೆಪ್ಪ ಕೇಳಿದ. “ನನಗಾಗಿಯಾದರೆ ಬೇಡ. ನನ್ನಿಂದ ಒಬ್ಬರೂ ಒಂದು ದಿನ ಕಾಯಬೇಕಿಲ್ಲ. ಪ್ರಾಣ ಹೋದರೂ ನಾನು ಹಿಂದೆ ತಿರುಗುವವನಲ್ಲ.”

ಮಿಕ್ಕವರಿಗೂ ಸರೋವರ ನೋಡುವ ಆತುರವಿತ್ತು. ಮರುದಿನ ಬೆಳಕು ಹರಿಯುತ್ತಲೇ ಮೂರನೆಯ ಘಟ್ಟವನ್ನು ಹತ್ತತೊಡಗಿದರು.

ಬಿಸಿಲು ಏರುವ ಹೊತ್ತಿಗೆ ಘಟ್ಟದ ನೆತ್ತಿ ಕಂಡಿತು. ಅಲ್ಲಿಯ ಕಲ್ಲುಗುಡ್ಡೆಗೆ ಕಟ್ಟಿದ ಬಣ್ಣದ ಬಟ್ಟೆಗಳು ಗಾಳಿಗೆ ಬಡಿದುಕೊಳ್ಳುವುದು ಕೇಳಿಸುತ್ತಿತ್ತು. ಇನ್ನು ಮುನ್ನೂರು ಹೆಜ್ಜೆ ಇರಬಹುದು. ಆಗ ಮಾರ್ಗದರ್ಶಿ ಅಡಿವೆಪ್ಪನ ಕಾಲುಗಳನ್ನು ನೋಡಿದ. ಎಡಗಾಲು ಇಡಬೇಕಾದಲ್ಲಿ ಬೀಳುತ್ತಿರಲಿಲ್ಲ. ಅಷ್ಟು ಚಳಿಯಲ್ಲಿ ಅವನು ಕೈಗವಸು ಕಳಚಿ ಎಸೆದಿದ್ದ. ಸೆಕೆ ಎನ್ನುತ್ತ ನಗುತ್ತಿದ್ದ. ಹಿಂದೆ ಬರುತ್ತಿದ್ದವರಿಗೆ ತಮ್ಮ ತಮ್ಮ ಉಸಿರೇ ಸಾಕಾಗಿತ್ತು. ಯಾರೂ ಅದನ್ನು ಗಮನಿಸಲಿಲ್ಲ.

“ಯಜಮಾನರೇ, ತಲೆ ನೋಯುತ್ತಿದೆಯೇ?”

“ನೆತ್ತಿ ಮುಟ್ಟುವವರೆಗೆ ನನ್ನನ್ನು ಮಾತನಾಡಿಸಬೇಡ.”

ಮಾರ್ಗದರ್ಶಿ ಒಮ್ಮೆ ನೆತ್ತಿಯ ಕಡೆ ನೋಡಿದ. ಒಮ್ಮೆ ತಾವು ಹತ್ತಿ ಬಂದ ದಾರಿಯ ಕಡೆ ನೋಡಿದ. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು ದಾರಿಯಲ್ಲಿಯೇ ಕುಸಿದು ಕುಳಿತ.

ಎಲ್ಲರೂ ಗಾಬರಿಯಾದರು. ಅಡಿವೆಪ್ಪನೂ ನಿಂತ.

“ಯಜಮಾನರೇ, ನನ್ನ ಎದೆ ಹಿಡಿದುಕೊಂಡಿದೆ” ಎಂದ ಮಾರ್ಗದರ್ಶಿ. “ಕೆಳಗೆ ಇಳಿದರೆ ಉಳಿಯುತ್ತೇನೆ. ನನ್ನಿಂದ ಒಬ್ಬನೇ ಇಳಿಯಲಾಗದು. ನೀವು ಗಟ್ಟಿ ಇದ್ದೀರಿ. ನನಗೆ ಹೆಗಲು ಕೊಡಿ.”

ಅಡಿವೆಪ್ಪ ನೆತ್ತಿಯನ್ನು ನೋಡಿದ. ಎದೆಯ ಹತ್ತಿರವಿದ್ದ ಗಂಟನ್ನು ಮುಟ್ಟಿಕೊಂಡ. ತನಗಾಗಿ ಅವನು ಒಂದು ಹೆಜ್ಜೆಯನ್ನೂ ಹಿಂದೆ ಇಡುವವನಲ್ಲ. ಆದರೆ ಸಾಯುತ್ತಿರುವವನನ್ನು ದಾಟಿಕೊಂಡು ಮುಂದೆ ಹೋಗುವವನೂ ಅಲ್ಲ. ಅಳು ಬಂದರೂ ನುಂಗಿಕೊಂಡು, ಬಾ ಎಂದು ಹೆಗಲು ಕೊಟ್ಟ.

ಹೀಗೆ ಇಳಿಯತೊಡಗಿದರು. ಮಾರ್ಗದರ್ಶಿಯ ಒಂದು ತೋಳು ಅಡಿವೆಪ್ಪನ ಹೆಗಲ ಮೇಲಿತ್ತು. ಇನ್ನೊಂದು ಕೈ ಅವನ ನಡುಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಅಡಿವೆಪ್ಪನ ಮೊಣಕಾಲು ಎರಡು ಸಲ ಮಡಿಚಿಕೊಂಡಿತು. ಎರಡು ಸಲವೂ ಮಾರ್ಗದರ್ಶಿ ಅಯ್ಯೋ ಎಂದು ನರಳಿ, ತನಗೇ ಆಗದು ಎಂಬಂತೆ ಅವನನ್ನೂ ಎಳೆದುಕೊಂಡು ಕುಳಿತ. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಎದ್ದರು. ಅಡಿವೆಪ್ಪನಿಗೆ ಕಣ್ಣು ಮಂಜಾಗುತ್ತಿತ್ತು. ಆದರೂ ಇವನನ್ನು ಬೀಳಿಸಬಾರದು ಎಂದು ಒಂದೊಂದು ಹೆಜ್ಜೆಯನ್ನೂ ನೋಡಿ ಇಟ್ಟ.

ಎರಡನೆಯ ಸಲ ಕುಳಿತಾಗ ನಿಂಬೆವ್ವ ಹತ್ತಿರ ಬಂದು ಮಾರ್ಗದರ್ಶಿಯ ನಾಡಿ ಹಿಡಿದಳು. ನಲವತ್ತು ವರ್ಷ ತಾಯಂದಿರ ನಾಡಿ ಹಿಡಿದ ಕೈ ಅದು. ನಾಡಿ ಉಳುವ ಎತ್ತಿನ ಹೆಜ್ಜೆಯಂತೆ ಒಂದೇ ಸಮನೆ ನಡೆಯುತ್ತಿತ್ತು. ಅವಳು ಮಾರ್ಗದರ್ಶಿಯ ಮುಖ ನೋಡಿದಳು. ಅವನು ಕಣ್ಣಿನಲ್ಲಿಯೇ ಅಡಿವೆಪ್ಪನ ಕೈ ತೋರಿಸಿದ. ಆ ಕೈಯ ಉಗುರುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ನಿಂಬೆವ್ವ ಮಾರ್ಗದರ್ಶಿಯ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ಮುಚ್ಚಿದಳು. ಉಳಿದವರ ಕಡೆ ತಿರುಗಿ ಹೇಳಿದಳು:

“ಇವನ ನಾಡಿ ಬಾಳ ಬಿದ್ದೈತಿ. ತಡ ಮಾಡಬ್ಯಾಡ್ರಿ, ಲಗೂನ ಇಳಸ್ರಿ.”

ಕೊನೆಯ ಹಳ್ಳಿ ಬಂದರೂ ಮಾರ್ಗದರ್ಶಿ ನಿಲ್ಲಲಿಲ್ಲ. ನನಗೆ ಇನ್ನೂ ಕೆಳಗೆ ಹೋಗಬೇಕು ಎಂದ. ಅದರ ಕೆಳಗಿನ ಹಳ್ಳಿಯನ್ನು ಸಂಜೆಗೆ ಮುಂಚೆ ಮುಟ್ಟಿದರು. ಅಲ್ಲಿ ಅಡಿವೆಪ್ಪ ವಾಂತಿ ಮಾಡಿಕೊಂಡು ಬಿದ್ದುಕೊಂಡವನು ಮರುದಿನ ಮಧ್ಯಾಹ್ನದವರೆಗೆ ಏಳಲಿಲ್ಲ. ಎದ್ದಾಗ ತಲೆ ಹಗುರವಾಗಿತ್ತು, ಹಸಿವಾಗಿತ್ತು. ಒಬ್ಬ ಗಂಡಸನ್ನು ಅಷ್ಟು ದೂರ ಹೆಗಲ ಮೇಲೆ ತಂದ ದಣಿವು ಎಂದು ಎಲ್ಲರೂ ತಿಳಿದರು. ಅವನೂ ಹಾಗೆಯೇ ತಿಳಿದ.

ಸುದ್ದಿ ಮಾರ್ಗದರ್ಶಿಯ ಊರಿನ ಹಿರಿಯರಿಗೆ ಮುಟ್ಟಿತು. ಅವರು ಮೇಲೆ ಬಂದು ಮಾರ್ಗದರ್ಶಿಯನ್ನು ಕೇಳಿದರು:

“ನೆತ್ತಿ ಕಂಡಿತ್ತೇ?”

“ಕಂಡಿತ್ತು.”

“ಗಾಳಿಯೋ ಹಿಮವೋ ಅಡ್ಡ ಬಂತೇ?”

“ಇಲ್ಲ. ನನ್ನ ಎದೆ ತಡೆಯಲಿಲ್ಲ.”

ಹಿರಿಯರಲ್ಲಿ ಒಬ್ಬರ ಕಣ್ಣಲ್ಲಿ ನೀರು ಬಂತು. ಕಟ್ಟಳೆ ಕಟ್ಟಳೆಯೇ. ಇಪ್ಪತ್ತಾರು ವರ್ಷ ಹಿಡಿದ ಕೋಲನ್ನು ಅವನು ಎರಡು ಕೈಗಳಲ್ಲಿ ಎತ್ತಿ ಅವರಿಗೆ ಕೊಟ್ಟ. ಅವರು ಅದನ್ನು ತಮ್ಮೊಡನೆ ಬಂದಿದ್ದ ಅವನ ತಂಗಿಯ ಮಗಳು ಡೋಲ್ಕರಳಿಗೆ ಕೊಟ್ಟರು. ಅವಳು ಹತ್ತು ವರ್ಷ ಅವನ ಜೊತೆಯಲ್ಲಿಯೇ ಆ ದಾರಿಯನ್ನು ನಡೆದವಳು. ಅವನು ಅವಳನ್ನು ಪಕ್ಕಕ್ಕೆ ಕರೆದು, ಈ ಗುಂಪನ್ನು ಮೂರು ದಿನ ಇಲ್ಲಿಯೇ ಇರಿಸು, ಆ ಯಜಮಾನರನ್ನು ಎಲ್ಲರಿಗಿಂತ ಮುಂದೆ ನಡೆಸು, ಹಿರಿಯರು ಎಂಬ ಗೌರವಕ್ಕೆ ಎಂದು ಹೇಳು ಎಂದ.

ಅವಳು ಹಾಗೆಯೇ ಮಾಡಿದಳು. ಈ ಸಲ ಅಡಿವೆಪ್ಪ ನಿಧಾನವಾಗಿ ನಡೆದು ಘಟ್ಟ ದಾಟಿದ. ಸರೋವರದ ದಡದಲ್ಲಿ ಕುಳಿತು ಹೆಂಡತಿಯ ಬಳೆಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟ. ಮನಸ್ಸು ತುಂಬಿ ಅತ್ತ.

ಮರಳಿ ಬರುವಾಗ ಕೆಳಗಿನ ಹಳ್ಳಿಯ ಹತ್ತಿರ ಮಾರ್ಗದರ್ಶಿ ಸಿಕ್ಕಿದ. ನಾಲ್ಕಾರು ಜನರೊಂದಿಗೆ ಅವನು ಕುಸಿದ ದಾರಿಗೆ ಕಲ್ಲು ಕಟ್ಟುತ್ತಿದ್ದ. ಅಡಿವೆಪ್ಪ ಅವನ ಬೆನ್ನು ತಟ್ಟಿ ಎಲ್ಲರಿಗೂ ಕೇಳುವಂತೆ, “ಅವತ್ತು ನಾನು ಹೆಗಲು ಕೊಡದಿದ್ದರೆ ಇವನು ಇವತ್ತು ಇರುತ್ತಿರಲಿಲ್ಲ” ಎಂದ. ಮಾರ್ಗದರ್ಶಿ ಕೈಮುಗಿದು, “ನಿಜ, ಯಜಮಾನರೇ” ಎಂದ.

ಅಡಿವೆಪ್ಪ ಊರಿಗೆ ಬಂದ. ಮದುವೆ, ನಾಮಕರಣ, ಎಲ್ಲಿ ಜನ ಸೇರಿದರೂ ಅಲ್ಲಿ ಈ ಕತೆ ಹೇಳಿದ. ಹೆಸರಾಂತ ಮಾರ್ಗದರ್ಶಿ ಮೂರನೆಯ ಘಟ್ಟದಲ್ಲಿ ಸೋತದ್ದು, ಬಯಲುಸೀಮೆಯ ಹತ್ತಿ ವ್ಯಾಪಾರಿ ಅವನನ್ನು ಉಳಿಸಿದ್ದು. ಮೂರು ವರ್ಷ ಹೇಳಿದ. ಹೇಳುತ್ತ ಹೇಳುತ್ತ ದಾರಿ ಉದ್ದವಾಯಿತು, ಮಾರ್ಗದರ್ಶಿ ಭಾರವಾದ.

ಒಂದು ನಾಮಕರಣದಲ್ಲಿ ನಿಂಬೆವ್ವ ಕುಳಿತಿದ್ದಳು. ಕತೆ ಮುಗಿದು ಜನ ಊಟಕ್ಕೆ ಎದ್ದರು. ಅವಳು ಅವನನ್ನು ಹಿತ್ತಲಿಗೆ ಕರೆದಳು.

“ತಮ್ಮಾ, ಆ ಕತಿ ಇನ್ನ ಸಾಕು ಮಾಡು. ಅವನ ನಾಡಿ ನಾ ಹಿಡಿದು ನೋಡೀನಿ. ಅವನಿಗೆ ಏನೂ ಆಗಿದ್ದಿಲ್ಲ. ಆಗಿದ್ದು ನಿನಗ.”

ಅಡಿವೆಪ್ಪ ನಕ್ಕ. ಆಮೇಲೆ ನಗು ನಿಂತಿತು. ಕಳಚಿ ಎಸೆದ ಕೈಗವಸು, ಮಂಜಾದ ಕಣ್ಣು, ಮಡಿಚಿದ ಮೊಣಕಾಲು, ನಡುಪಟ್ಟಿ ಹಿಡಿದಿದ್ದ ಕೈ, ಎಲ್ಲವೂ ಒಂದೊಂದಾಗಿ ನೆನಪಿಗೆ ಬಂದವು. ಆ ದಿನ ಅವನು ಊಟಕ್ಕೆ ಕೂರಲಿಲ್ಲ.

ಅದೇ ಬೇಸಿಗೆಯಲ್ಲಿ ಒಬ್ಬನೇ ಬೆಟ್ಟಕ್ಕೆ ಹೋದ. ಮಾರ್ಗದರ್ಶಿ ಆಗಲೂ ದಾರಿಗೆ ಕಲ್ಲು ಕಟ್ಟುತ್ತಿದ್ದ. ಗಡ್ಡ ನೆರೆತಿತ್ತು. ಅಡಿವೆಪ್ಪ ಅವನ ಎದುರು ನಿಂತು, “ಯಾಕೆ ಹಾಗೆ ಮಾಡಿದಿರಿ? ನನಗೇ ಹೇಳಬಹುದಿತ್ತಲ್ಲ?” ಎಂದ. ನೀನು ಎನ್ನುತ್ತಿದ್ದವನ ಬಾಯಲ್ಲಿ ನೀವು ಎಂದು ಬಂದಿತ್ತು.

ಮಾರ್ಗದರ್ಶಿ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ.

“ನಾನು ಹೊಸಬನಾಗಿದ್ದಾಗ ಒಬ್ಬರಿಗೆ ಹೇಳಿದ್ದೆ. ನಿಮಗೆ ಎತ್ತರ ತಲೆಗೆ ಹತ್ತಿದೆ, ಇಳಿಯಿರಿ ಎಂದೆ. ಅವರಿಗೆ ಸಿಟ್ಟು ಬಂತು. ನನಗೇನೂ ಆಗಿಲ್ಲ ಎಂದು ವಾದ ಮಾಡಿದರು. ವಾದದಲ್ಲಿ ಒಂದು ತಾಸು ಹೋಯಿತು. ಅವರಿಗೆ ಇದ್ದದ್ದು ಅದೊಂದೇ ತಾಸು, ಯಜಮಾನರೇ.”

ಅಡಿವೆಪ್ಪ ಹಳ್ಳಿಯ ಕಡೆ ತಿರುಗಿದ. “ನಾನು ಹಿರಿಯರ ಬಳಿಗೆ ಹೋಗುತ್ತೇನೆ. ಎಲ್ಲವನ್ನೂ ಹೇಳುತ್ತೇನೆ. ನಿಮ್ಮ ಕೋಲು ನಿಮಗೆ ಮರಳಬೇಕು.”

“ಬೇಡ.” ಮಾರ್ಗದರ್ಶಿ ಅವನ ಕೈ ಹಿಡಿದುಕೊಂಡ. “ಡೋಲ್ಕರ್ ಚೆನ್ನಾಗಿ ನಡೆಸುತ್ತಿದ್ದಾಳೆ. ಅದಿರಲಿ. ಈ ಮಾತು ಹೊರಗೆ ಬಿದ್ದರೆ, ನಾಳೆ ಯಾವ ಮಾರ್ಗದರ್ಶಿ ಎದೆ ಹಿಡಿದುಕೊಂಡು ಕುಳಿತರೂ ಬಂದವರು ನಂಬುವುದಿಲ್ಲ. ಈ ನೆಪದಿಂದ ಇನ್ನೂ ಕೆಲವರು ಜೀವಂತ ಇಳಿಯಬೇಕಾಗಿದೆ. ಅದನ್ನು ಹಾಳು ಮಾಡಬೇಡಿ.”

“ಮೂರು ವರ್ಷ ನಾನು ನಿಮ್ಮನ್ನು ಉಳಿಸಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆನಲ್ಲ!”

“ನೀವು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನೀವು ಹೆಗಲು ಕೊಡದಿದ್ದರೆ ನಾನು ಇಳಿಯುತ್ತಿರಲಿಲ್ಲ.”

ಅಡಿವೆಪ್ಪನಿಗೆ ಆ ಮಾತನ್ನು ತಿಳಿದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ತಾನು ಒಪ್ಪದಿದ್ದರೆ ಇವನು ತನ್ನನ್ನು ಬಿಟ್ಟು ಇಳಿಯುತ್ತಿರಲಿಲ್ಲ. ತನ್ನ ಜೊತೆಯಲ್ಲಿಯೇ ಅಲ್ಲಿ ಉಳಿಯುತ್ತಿದ್ದ. ಅದು ಹೊಳೆದಾಗ ಅವನು ಮಣ್ಣಿನಲ್ಲಿ ಕುಳಿತು ಮಾರ್ಗದರ್ಶಿಯ ಪಾದ ಮುಟ್ಟಲು ಹೋದ. ಮಾರ್ಗದರ್ಶಿ ಕಾಲು ಹಿಂದೆ ಎಳೆದುಕೊಂಡು, “ಬಂದದ್ದೇ ಬಂದಿರಿ, ಆ ಕಲ್ಲಿನ ಆ ತುದಿ ಹಿಡಿಯಿರಿ. ಒಬ್ಬನಿಂದ ಏಳುವುದಿಲ್ಲ” ಎಂದ.

ಅಡಿವೆಪ್ಪ ಹಿಡಿದ. ಆ ಬೇಸಿಗೆ ಮುಗಿಯುವವರೆಗೆ ಅಲ್ಲಿಯೇ ಉಳಿದು ಅವನೊಂದಿಗೆ ಕಲ್ಲು ಹೊತ್ತ. ಆ ಸಲ ಹತ್ತಿಯ ಕಾಲಕ್ಕೆ ಅವನು ಊರಿನಲ್ಲಿ ಇರಲಿಲ್ಲ. ಮರಳಿ ಬಂದ ಮೇಲೆ ಆ ಕತೆಯನ್ನು ಎಲ್ಲಿಯೂ ಹೇಳಲಿಲ್ಲ. ಜನ ಕೇಳಿದರೆ, ಅದು ನಾನು ತಿಳಿದಂತೆ ಇರಲಿಲ್ಲ ಎಂದಷ್ಟೇ ಹೇಳುತ್ತಿದ್ದ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿ ಇದನ್ನು ಹೇಳಿದ. ಆ ಹೊತ್ತಿಗೆ ಮಾರ್ಗದರ್ಶಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ಕಟ್ಟಿದ ದಾರಿಯಲ್ಲಿ ಈಗಲೂ ಜನ ಘಟ್ಟ ಹತ್ತುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ರಾಚಯ್ಯನ ಕಣ್ಣು ಒದ್ದೆಯಾಗಿತ್ತು.

“ಎಂಥ ಮನುಷ್ಯ, ಗುರುಗಳೇ!” ಎಂದ. “ಅಂಥವನು ಕರೆದರೆ ನಾನು ಎಲ್ಲಿಗೆ ಎಂದು ಕೂಡ ಕೇಳದೆ ಅವನ ಹಿಂದೆ ಹೊರಟುಬಿಡುತ್ತಿದ್ದೆ.”

“ಅವನ ಹೆಸರೇನು ಎಂದೂ ನೀನು ಕೇಳಲಿಲ್ಲ, ರಾಚಯ್ಯ” ಎಂದರು ಗುರುಗಳು.